ನಮ್ಮ ಕಲ್ಲಿನಡಿ ಎಣ್ಣೆ ಇದೆಯೆ?

(ಗಂಗಾವತಿಯಲ್ಲಿ ಗಿರಣಿ ಕಾರ್ಮಿಕರ ಹಾಗೂ ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬಾವಿಯ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಂಡರೆ ಸಾಕು, ಕೆಳಗೆ ಪೆಟ್ರೋಲು ಇದೆ ಎಂದು ಸುದ್ದಿ ಹಬ್ಬುತ್ತದೆ. ಸುದ್ದಿಯ ಬೆನ್ನಿಗೇ ದಲ್ಲಾಳಿ ಬರುತ್ತಾನೆ. ಆ ಪೊರೆಯನ್ನು ಒಂದು ಕಡ್ಡಿಯಿಂದ ಕಲಕಿ ನೋಡಿರಿ. ಚೂರುಚೂರಾಗಿ ಹಾಗೆಯೇ ನಿಂತರೆ ಅದು ಸಾಮಾನ್ಯವಾಗಿ ನೀರಿನಲ್ಲಿರುವ ಕಬ್ಬಿಣದಿಂದಾದದ್ದು. ಮತ್ತೆ ಕೂಡಿಕೊಂಡರೆ ಎಣ್ಣೆ. ಆ ಎಣ್ಣೆಯೂ ಬಹುಶಃ ಪಕ್ಕದ ಡೀಸೆಲ್ ಇಂಜಿನಿನದೇ!

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಬಹುಪಾಲು ಗ್ರಾನೈಟಿನ ಸೀಮೆ. ಗವಿಮಠದ ಬಂಡೆಯ ಮೇಲೆ ಅಶೋಕನು ಕೊರೆಸಿದ ಅಕ್ಷರಗಳು ಇನ್ನೂ ಉಳಿದಿವೆ. ಅಂಥ ಗಟ್ಟಿ ಕಲ್ಲು. ಇಂಥ ಕಲ್ಲಿನಲ್ಲಿ ಎಣ್ಣೆ ಹುಟ್ಟುವುದಿಲ್ಲ. ಅದು ಹುಟ್ಟುವುದು ನೀರಿನಡಿ ಪದರ ಪದರವಾಗಿ ಕೂತ ಕೆಸರಿನಲ್ಲಿ, ಅದರೊಳಗೆ ಹೂತುಹೋದ ಸೂಕ್ಷ್ಮ ಜೀವಿಗಳಿಂದ.

ಅಂಥ ಜಲಜಶಿಲೆ ನಮ್ಮ ಉತ್ತರಕ್ಕಿದೆ. ಬಾದಾಮಿ-ಬಾಗಲಕೋಟೆಯದು ಕಲಾದಗಿ ಶಿಲೆ, ಕಲಬುರಗಿ-ಯಾದಗಿರಿಯದು ಭೀಮಾ ಶಿಲೆ. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಭೀಮಾ ಪದರದ್ದೇ. ದೇಶದ 26 ಜಲಜಶಿಲಾ ಪ್ರದೇಶಗಳ ಸರ್ಕಾರಿ ಪಟ್ಟಿಯಲ್ಲಿ ಭೀಮಾ-ಕಲಾದಗಿಯೂ ಒಂದು. ಆದರೆ ಕಡೆಯ ದರ್ಜೆಯದು.

ಏಕೆ? ಇದು ಅಡಿಗೆಯ ಲೆಕ್ಕ. ಕೆಸರಿನ ಜೀವಾಂಶ ಎಣ್ಣೆಯಾಗಲು ಸುಮಾರು 60ರಿಂದ 120 ಡಿಗ್ರಿ ಶಾಖದಲ್ಲಿ ಲಕ್ಷಾಂತರ ವರ್ಷ ಬೇಯಬೇಕು. ಒಂದು ಕಿಲೋಮೀಟರು ಆಳಕ್ಕೆ ಶಾಖ ಏರುವುದು ಸಾಧಾರಣ 25-30 ಡಿಗ್ರಿ. ಭೀಮಾ ಪದರದ ದಪ್ಪವೋ ಸುಮಾರು 300 ಮೀಟರು! ಅಷ್ಟರಲ್ಲಿ ಏರುವುದು ಎಂಟೊಂಬತ್ತು ಡಿಗ್ರಿ. ಒಲೆ ಹೊತ್ತಿಸದೆ ಅನ್ನ ಬೇಯಿಸಿದ ಹಾಗಾಯಿತು. ಹಿಂದೆ ಮೇಲೆ ಹರಿದ ಲಾವಾ ಶಾಖ ಕೊಟ್ಟಿರಬಾರದೇಕೆ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ; ಕೊರೆದು, ಕಲ್ಲಿನ ಚೂರನ್ನು ಪ್ರಯೋಗಶಾಲೆಯಲ್ಲಿ ಕಾಯಿಸಿ ನೋಡಿದವರೇ ಉತ್ತರಿಸಬೇಕು. ಕಲಾದಗಿ ಪದರ ಕಿಲೋಮೀಟರುಗಟ್ಟಲೆ ದಪ್ಪವೇನೋ ಹೌದು, ಆದರೆ ಅದರ ಮರಳುಗಲ್ಲು ಅನೇಕ ಕಡೆ ಬಿಗಿದು ಬೆಣಚುಕಲ್ಲಾಗಿದೆ. ಎಣ್ಣೆ ತಂಗಲು ಸಂದು ಬೇಡವೆ?

ಹಳೆಯ ಕಲ್ಲೆಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು. ರಾಜಸ್ಥಾನದ ಬಾಘೇವಾಲಾದಲ್ಲಿ, ಓಮಾನಿನಲ್ಲಿ 50 ಕೋಟಿ ವರ್ಷಕ್ಕೂ ಹಳೆಯ ಶಿಲೆಗಳಲ್ಲಿ ಎಣ್ಣೆ ಸಿಕ್ಕಿದೆ. ಆದರೆ ಹುಡುಕುವವರು ಯಾರು? ಲಾಭವನ್ನೇ ನೋಡುವ ಕಂಪನಿ ಇಂಥ ಬಡ ಪದರಕ್ಕೆ ಕಾಸು ಹಾಕದು. 1956ರಲ್ಲಿ ಸಾರ್ವಜನಿಕ ಹಣದಿಂದ ತೈಲ ಆಯೋಗ ಸ್ಥಾಪನೆಯಾಯಿತು. 1958ರಲ್ಲಿ ಖಂಭಾತಿನಲ್ಲಿ, 1960ರಲ್ಲಿ ಅಂಕಲೇಶ್ವರದಲ್ಲಿ ಎಣ್ಣೆ ಸಿಕ್ಕಿತು. ನಮ್ಮ ಕಡೆಯೂ ಸರ್ಕಾರವೇ ಪರೀಕ್ಷಿಸಲಿ; ಇಲ್ಲವೆಂದು ಕಂಡರೆ ಇಲ್ಲವೆಂದೇ ಕನ್ನಡದಲ್ಲಿ ಪ್ರಕಟಿಸಲಿ. ವದಂತಿಯ ವ್ಯಾಪಾರ ಅಲ್ಲಿಗೆ ನಿಲ್ಲುತ್ತದೆ.

ಅಲ್ಲಿಯವರೆಗೆ ಇಷ್ಟು ನೆನಪಿಡಿರಿ: ತೈಲ ತೆಗೆಯಲು 1948ರ ತೈಲಕ್ಷೇತ್ರ ಕಾಯಿದೆಯಡಿ ಸರ್ಕಾರದ ಅಪ್ಪಣೆ ಬೇಕು. ಆ ಕಾಗದ ತೋರಿಸದವನಿಗೆ ಷೇರಿನ ಹೆಸರಿನಲ್ಲಿ ಒಂದು ರೂಪಾಯಿಯನ್ನೂ ಕೊಡಬೇಡಿರಿ, ಹೊಲದ ಕರಾರಿಗೆ ಹೆಬ್ಬೆಟ್ಟು ಒತ್ತಬೇಡಿರಿ.