ಅಮೀರಬಾಯಿ ಕರ್ನಾಟಕಿ: ಒಂದು ಸ್ಮರಣೆ

ಪಾಶ್ಚಾತ್ಯರ ಆಪೆರಾಕ್ಕೆ ನಮ್ಮಲ್ಲಿ ಸಮೀಪವಾದುದು ಕಂಪನಿ ನಾಟಕಗಳ ಸಂಗೀತ ರಂಗಭೂಮಿ. ಅಲ್ಲಿ ಅಭಿನಯದಷ್ಟೇ ಕಂಠವೂ ಮುಖ್ಯ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕಟ್ಟಕಡೆಯ ಪ್ರೇಕ್ಷಕನಿಗೂ ಸ್ವರ ಮುಟ್ಟಬೇಕಾಗಿತ್ತು. ಆ ರಂಗಸಂಗೀತದ ಸಂಸ್ಕಾರವನ್ನು ಮುಂಬಯಿಯ ಚಿತ್ರಜಗತ್ತಿಗೆ ಒಯ್ದವರು ಅಮೀರಬಾಯಿ ಕರ್ನಾಟಕಿ.

ಅವರ ಹುಟ್ಟೂರು ಬೀಳಗಿ. ಅಂದು ಅದು ವಿಜಾಪುರ ಜಿಲ್ಲೆಗೆ ಸೇರಿತ್ತು. 1997ರಿಂದ ಬಾಗಲಕೋಟೆಗೆ ಸೇರಿದೆ. ಅಕ್ಕ ಗೋಹರಬಾಯಿಯೂ ಗಾಯಕನಟಿ. ಸ್ತ್ರೀಪಾತ್ರಗಳಿಂದ ಮರಾಠಿಗರ ಮನಗೆದ್ದಿದ್ದ ಬಾಲಗಂಧರ್ವರ ಮಂಡಳಿಯನ್ನು 1930ರ ದಶಕದ ಕೊನೆಯಲ್ಲಿ ಸೇರಿ, ಅವರ ಬಾಳಸಂಗಾತಿಯೂ ಆದರು. ಆ ಮಹಾನಟರ ಕಡೆಗಾಲದ ಕಷ್ಟಗಳ ಹೊಣೆಯನ್ನು ಅನೇಕರು ಈಕೆಯ ಮೇಲೆಯೇ ಹೊರಿಸಿದರು. ಪರಭಾಷೆಯ, ಪರಮತದ ಕಲಾವಿದೆಯ ಮೇಲೆ ಅಪವಾದ ಹೊರಿಸುವುದು ಎಷ್ಟು ಸುಲಭ!

ಅಮೀರಬಾಯಿ ಹಿಡಿದದ್ದು ಚಲನಚಿತ್ರದ ದಾರಿ. 1934ರ ‘ವಿಷ್ಣುಭಕ್ತಿ’ಯಿಂದ ಆರಂಭವಾದ ಅವರ ಪಯಣ 1943ರ ‘ಕಿಸ್ಮತ್’ನಲ್ಲಿ ಶಿಖರ ಮುಟ್ಟಿತು. ಅನಿಲ ಬಿಸ್ವಾಸರ ಸಂಗೀತದಲ್ಲಿ ಅವರು ಹಾಡಿದ ಗೀತೆಗಳು ದೇಶವನ್ನೇ ಸೆಳೆದವು. ಕ್ವಿಟ್ ಇಂಡಿಯಾ ಚಳವಳಿಯ ಕಾವು ಆರದ ದಿನಗಳಲ್ಲಿ, ಕವಿ ಪ್ರದೀಪರು ಬರೆದ ದೇಶಭಕ್ತಿಗೀತೆಗೆ ಅವರ ಕಂಠವೂ ದನಿಯಾಯಿತು. ಮರುವರ್ಷ ನೌಷಾದರ ‘ರತನ್’. 1948ರ ‘ಶಹನಾಜ್’ಗೆ ಅವರೇ ಸಂಗೀತ ನೀಡಿದರು, ಗಂಡಸರದೇ ಆಗಿದ್ದ ಆ ಕ್ಷೇತ್ರದಲ್ಲಿ ಇದು ಸಣ್ಣ ಸಾಹಸವಲ್ಲ.

ಅವರ ಧ್ವನಿಯಲ್ಲಿ ಬಯಲುಸೀಮೆಯ ತುಂಬುಗಂಠವಿತ್ತು, ಅಳಲನ್ನು ಅಳುವಾಗಿಸದ ಸಂಯಮವಿತ್ತು. ಅದೇ ಸಂಯಮ ಬಾಳಿನಲ್ಲೂ ಅವರಿಗೆ ಬೇಕಾಯಿತು. ಮೊದಲ ದಾಂಪತ್ಯ ಅವರಿಗೆ ಯಾತನೆಯನ್ನೇ ತಂದಿತು. 1949ರ ‘ಮಹಲ್’, ‘ಬರಸಾತ್’ ಚಿತ್ರಗಳ ಬಳಿಕ ಲತಾ ಮಂಗೇಶ್ಕರರ ಎಳೆಯ, ನಯವಾದ ದನಿ ಕಾಲದ ರುಚಿಯಾಯಿತು. ಧ್ವನಿಗ್ರಾಹಕಕ್ಕೆ ಪಿಸುಮಾತೂ ಸಾಕು. ರಂಗಮಂದಿರ ತುಂಬುವ ಕಂಠದ ಅಗತ್ಯ ಅದಕ್ಕಿಲ್ಲ. 1965ರ ಮಾರ್ಚ್ 3ರಂದು ಅಮೀರಬಾಯಿ ತೀರಿಕೊಂಡರು.

ವಿಜಾಪುರದಲ್ಲಿ ಅವರ ಹೆಸರು ಹೊತ್ತ ಅಮೀರ ಟಾಕೀಜ್ ಇತ್ತು. ಆದರೆ ಚಿತ್ರಮಂದಿರದ ಹೆಸರನ್ನು ಬಲ್ಲವರೆಲ್ಲ ಆ ಕಂಠವನ್ನು ಬಲ್ಲರೆ? ಡಾ. ರಹಮತ್ ತರೀಕೆರೆಯವರು ಅವರ ಜೀವನಚರಿತ್ರೆ ಬರೆದು ಕನ್ನಡಿಗರ ಋಣವನ್ನು ಕೊಂಚ ತೀರಿಸಿದ್ದಾರೆ. ಉಳಿದದ್ದು ನಮ್ಮ ಪಾಲಿನದು. ತಿಕೋಟಾ, ಬಬಲೇಶ್ವರಗಳ ಶಾಲೆಗಳಲ್ಲಿ ಆದಿಲಶಾಹಿಯ ಗುಮ್ಮಟಗಳ ಪಾಠ ಹೇಳುವಾಗ ಈಕೆಯ ಒಂದು ಹಾಡನ್ನೂ ಮಕ್ಕಳಿಗೆ ಕೇಳಿಸಬೇಕು. ಮುಂಬಯಿಯಲ್ಲಿದ್ದೂ ‘ಕರ್ನಾಟಕಿ’ ಎಂದೇ ಕರೆಸಿಕೊಂಡ ಈ ಗಾಯಕಿಗೆ ತವರಿನವರು ಅಷ್ಟನ್ನಾದರೂ ಸಲ್ಲಿಸಬೇಡವೆ?