ಇಳಿಯುವ ಮುನ್ನ ಕಡಲನ್ನು ಓದೋಣ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮಕ್ಕಳೇ, ನಿಮ್ಮಲ್ಲಿ ಎಷ್ಟೋ ಮಂದಿಗೆ ಈಸು ಬರುತ್ತದೆ. ಬೆನ್ನಿಗೆ ಬೆಂಡು ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಕಲಿತವರಿದ್ದೀರಿ. ಮಲಪ್ರಭೆಯ ಮಡುವಿನಲ್ಲಿ ಅಪ್ಪನ ಕೈ ಹಿಡಿದು ಕಲಿತವರೂ ಇದ್ದೀರಿ. ಚಳಿಗಾಲ ಬಂತೆಂದರೆ ಶಾಲೆಗಳಲ್ಲಿ ಪ್ರವಾಸದ ಮಾತು ಶುರು. ನಸುಕಿನಲ್ಲಿ ಹೊರಟ ಬಸ್ಸು ಧಾರವಾಡ, ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲೆ ಮುಟ್ಟಿದರೆ ಸಮುದ್ರ ಬಂದೇ ಬಿಟ್ಟಿತು. ಕಾರವಾರ, ಗೋಕರ್ಣ, ಮುರುಡೇಶ್ವರ, ಎಲ್ಲಿಗೇ ಹೋಗಲಿ, ಬಸ್ಸು ನಿಲ್ಲುವುದೇ ತಡ, ಎಲ್ಲರಿಗೂ ನೀರಿಗಿಳಿಯುವ ಆತುರ.

ಅಲ್ಲಿ ಸ್ವಲ್ಪ ತಾಳಬೇಕು. ಬಾವಿಯದು ನಿಂತ ನೀರು. ಹೊಳೆಯದು ಒಂದೇ ದಿಕ್ಕಿಗೆ ಹರಿಯುವ ನೀರು. ಕಡಲ ನೀರಿಗೆ ಒಂದೇ ಹೊತ್ತಿನಲ್ಲಿ ಮೂರು ಬಗೆಯ ಚಲನೆ ಇರುತ್ತದೆ: ಅಲೆ, ಉಬ್ಬರ-ಇಳಿತ ಮತ್ತು ಸೆಳೆತ. ಆದ್ದರಿಂದಲೇ ಒಂದು ದಂಡೆ ಈಸುವವರಿಗೆ ಒಗ್ಗಿದರೆ, ಇನ್ನೊಂದು ಹಲಗೆಯ ಮೇಲೆ ನಿಂತು ಅಲೆಯೇರುವ ಸರ್ಫಿಂಗ್‌ಗೆ ಒಗ್ಗುತ್ತದೆ. ಮತ್ತೊಂದು ಜಾಗ ಮುಖವಾಡ ತೊಟ್ಟು ಮೀನು ನೋಡುವ ಸ್ನಾರ್ಕೆಲಿಂಗ್‌ಗೆ ಹೇಳಿ ಮಾಡಿಸಿದಂತಿರುತ್ತದೆ. ಯಾವ ಜಾಗ ಯಾವುದಕ್ಕೆ ಎಂಬುದು ಬಹುಮಟ್ಟಿಗೆ ನೀರಿನ ಕೆಳಗಿರುವ ನೆಲದಿಂದ ತೀರ್ಮಾನವಾಗುತ್ತದೆ. ಆ ನೆಲ ಕಣ್ಣಿಗೆ ಕಾಣುವುದಿಲ್ಲ, ನಿಜ. ಆದರೆ ದಡದಲ್ಲಿ ನಿಂತು ನೀರಿನ ಮೇಲ್ಮೈ ನೋಡಿಯೇ ಅದು ಹೇಗಿದೆ ಎಂದು ತಿಳಿಯಬಹುದು. ಅದನ್ನೇ ಇವತ್ತು ಕಲಿಯೋಣ.

ಅಲೆ ಎಲ್ಲಿ ಮುರಿಯುತ್ತದೆ?

ಅಲೆಯನ್ನು ಹುಟ್ಟಿಸುವುದು ಗಾಳಿ. ನಮ್ಮ ಕರಾವಳಿಗೆ ಬಂದು ಬಡಿಯುವ ಎಷ್ಟೋ ಅಲೆಗಳು ಹಿಂದೂ ಮಹಾಸಾಗರದ ತೆಂಕಣ ತುದಿಯಲ್ಲಿ ಬೀಸಿದ ಬಿರುಗಾಳಿಗೆ ಹುಟ್ಟಿ, ದಿನಗಟ್ಟಲೆ ಪ್ರಯಾಣ ಮಾಡಿ ಬಂದಂಥವು. ಹಾಗೆಂದು ಅಲ್ಲಿಯ ನೀರು ಇಲ್ಲಿಗೆ ಬರುವುದಿಲ್ಲ. ಆಳದ ಕಡಲಲ್ಲಿ ತೇಲುವ ಒಂದು ತೆಂಗಿನಕಾಯಿಯನ್ನು ಗಮನಿಸಿದರೆ ಗೊತ್ತಾಗುತ್ತದೆ: ಅಲೆ ಬಂದಾಗ ಅದು ಮೇಲೆದ್ದು ಸ್ವಲ್ಪ ಮುಂದೆ ಸರಿಯುತ್ತದೆ, ಅಲೆ ದಾಟಿದ ಮೇಲೆ ಇಳಿದು ಹಿಂದೆ ಸರಿಯುತ್ತದೆ. ನೀರು ನಿಂತಲ್ಲೇ ಸುತ್ತು ಹಾಕುತ್ತದೆ, ಮುಂದೆ ಸಾಗುವುದು ಅಲೆಯ ಶಕ್ತಿ ಮಾತ್ರ.

ದಡ ಹತ್ತಿರವಾದಂತೆ ಆಳ ಕಡಿಮೆಯಾಗುತ್ತದೆ. ಆಗ ಅಲೆಯ ಬುಡಕ್ಕೆ ನೆಲದ ತಡೆ ತಗಲುತ್ತದೆ. ಅಲೆಯ ವೇಗ ತಗ್ಗುತ್ತದೆ, ಎತ್ತರ ಏರುತ್ತದೆ, ಕೊನೆಗೆ ತಲೆ ಮುಂದಕ್ಕೆ ಬಾಗಿ ನೊರೆಯಾಗಿ ಬೀಳುತ್ತದೆ. 1 ಮೀಟರ್ ಎತ್ತರದ ಅಲೆ ಸುಮಾರು 1.3 ಮೀಟರ್ ಆಳದಲ್ಲಿ ಮುರಿಯುತ್ತದೆ ಎಂಬುದು ಒಂದು ಅಂದಾಜು ಲೆಕ್ಕ. ಇದರಿಂದ ನಮಗೆ ಸಿಗುವ ಸುಳಿವು ದೊಡ್ಡದು. ಬಿಳಿ ನೊರೆಯ ಸಾಲು ಕಂಡಲ್ಲಿ ಆಳ ಕಡಿಮೆ. ಅಲೆ ಮುರಿಯದೆ ದಡದವರೆಗೂ ಬಂದು ಧೊಪ್ಪನೆ ಬೀಳುತ್ತಿದ್ದರೆ ಅಲ್ಲಿ ನೆಲ ಒಮ್ಮೆಲೇ ಇಳಿಜಾರಾಗಿದೆ. ನೊರೆಯ ಸಾಲಿನ ನಡುವೆ ನೊರೆಯೇ ಇಲ್ಲದ ಪಟ್ಟಿಯೊಂದು ಕಂಡರೆ ಅಲ್ಲಿ ನೀರಿನ ಕೆಳಗೆ ಆಳವಾದ ಕೊರಕಲಿದೆ.

ಈಸುವವರಿಗೆ ಎಂಥ ದಂಡೆ?

ಈಸಲು ಬೇಕಾದದ್ದು ಸಣ್ಣ ಅಲೆ, ನಿಧಾನವಾಗಿ ಇಳಿಯುವ ಮರಳ ನೆಲ. ಕೊಲ್ಲಿಗಳಲ್ಲಿ ಇವು ಸಿಗುವ ಸಾಧ್ಯತೆ ಹೆಚ್ಚು. ಕಡಲೊಳಗೆ ಚಾಚಿದ ಗುಡ್ಡದ ಮೂತಿಯ ಬಳಿ ಅಲೆಗಳು ಬಾಗಿ ಒಟ್ಟುಗೂಡುತ್ತವೆ, ಅಲ್ಲಿ ಹೊಡೆತ ಜೋರು. ಕೊಲ್ಲಿಯ ಒಳಗೆ ಅದೇ ಅಲೆಗಳು ಹರಡಿಕೊಳ್ಳುತ್ತವೆ, ಶಕ್ತಿ ಹಂಚಿಹೋಗುತ್ತದೆ. ಕಾರವಾರವನ್ನೇ ನೋಡಿ. ಅಂಜದೀವ, ಕೂರ್ಮಗಡ, ದೇವಗಡದಂಥ ದ್ವೀಪಗಳೂ ಗುಡ್ಡಗಳೂ ಅಲೆಗೆ ಅಡ್ಡ ನಿಂತಿವೆ. ಅದಕ್ಕೇ ಅದು ಹಡಗುಗಳು ಆಸರೆ ಪಡೆಯುವ ನೈಸರ್ಗಿಕ ಬಂದರಾಯಿತು.

ಕಾಲ ಕೆಳಗಿನ ಮರಳನ್ನೂ ಕೈಯಲ್ಲಿ ಹಿಡಿದು ನೋಡಿ. ಮರಳು ದಪ್ಪವಾಗಿದ್ದರೆ ಮೇಲೆ ಬಂದ ನೀರು ಅದರೊಳಗೆ ಬೇಗ ಇಂಗುತ್ತದೆ. ಹಿಂದಿರುಗುವ ನೀರು ಕಡಿಮೆಯಾದ್ದರಿಂದ ತಂದ ಮರಳು ಅಲ್ಲೇ ಗುಡ್ಡೆಯಾಗುತ್ತದೆ, ದಂಡೆ ಕಡಿದಾಗುತ್ತದೆ. ಮರಳು ಹಿಟ್ಟಿನಷ್ಟು ನುಣುಪಾಗಿದ್ದರೆ ದಂಡೆ ಸಾಮಾನ್ಯವಾಗಿ ಚಪ್ಪಟೆಯಾಗಿರುತ್ತದೆ. ಒಳ್ಳೆಯ ದಂಡೆಗೆ ಇನ್ನೊಂದು ಗುರುತೂ ಇದೆ. ಹೊನ್ನಾವರದ ಬಳಿಯ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ದಂಡೆಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ನೀರಿನ ಶುದ್ಧತೆ, ಸ್ವಚ್ಛತೆ, ಜೀವರಕ್ಷಕರ ವ್ಯವಸ್ಥೆ ಎಲ್ಲವನ್ನೂ ಪರೀಕ್ಷಿಸಿ ಕೊಡುವ ಮನ್ನಣೆ ಅದು.

ಕಡಲಲ್ಲಿ ತೇಲುವುದು ಬಾವಿಗಿಂತ ಸುಲಭ. 1 ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಹಾಗಾಗಿ ಅದು ಸಿಹಿನೀರಿಗಿಂತ ಭಾರ, ನಮ್ಮನ್ನು ತುಸು ಹೆಚ್ಚು ಮೇಲೆತ್ತುತ್ತದೆ. ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಲೀಟರ್ ನೀರಿಗೆ ಬಟಾಟಿ ಹಾಕಿ, ಮುಳುಗುತ್ತದೆ. 35 ಗ್ರಾಂ ಉಪ್ಪು ಕರಗಿಸಿ, ಇನ್ನೂ ಮುಳುಗಿಯೇ ಇರುತ್ತದೆ. ಉಪ್ಪು ಹಾಕುತ್ತ ಹೋಗಿ. ಸಮುದ್ರದ ಮೂರು-ನಾಲ್ಕು ಪಟ್ಟು ಉಪ್ಪಾಗುವ ಹೊತ್ತಿಗೆ ಬಟಾಟಿ ಮೇಲೇಳುತ್ತದೆ. ಸಮುದ್ರದ ಉಪ್ಪು ತೇಲಲು ನೆರವಾಗುತ್ತದೆ ನಿಜ, ಆದರೆ ಈಸು ಬಾರದವರನ್ನು ಕಾಯುವಷ್ಟು ಅಲ್ಲ ಎಂಬುದನ್ನೂ ಈ ಬಟಾಟಿಯೇ ಹೇಳುತ್ತದೆ.

ಸುಮ್ಮನಿರುವ ನೀರೇ ಸೆಳೆಯುವ ನೀರು

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಅಲೆಗಳು ದಡಕ್ಕೆ ತಂದು ಸುರಿದ ನೀರು ಹೇಗಾದರೂ ಹಿಂದಿರುಗಲೇಬೇಕಲ್ಲ? ಮಳೆಗಾಲದಲ್ಲಿ ಹೊಲದ ಒಡ್ಡಿನಲ್ಲಿ ಎಲ್ಲೋ ಒಂದು ಕಡೆ ಬಿರುಕು ಬಿಟ್ಟರೆ ನಿಂತ ನೀರೆಲ್ಲ ಅಲ್ಲೇ ನುಗ್ಗುವುದನ್ನು ನೀವು ಕಂಡಿದ್ದೀರಿ. ಕಡಲಲ್ಲೂ ಹಾಗೆಯೇ. ದಡಕ್ಕೆ ಸಮಾನಾಂತರವಾಗಿ ನೀರಿನ ಕೆಳಗೆ ಮರಳ ದಿಬ್ಬಗಳಿರುತ್ತವೆ. ಅವುಗಳ ನಡುವಿನ ಕೊರಕಲಿನಲ್ಲಿ ನೀರೆಲ್ಲ ಒಟ್ಟಾಗಿ ಕಡಲಿನತ್ತ ನುಗ್ಗುತ್ತದೆ. ಇದೇ ಸೆಳೆತ, ರಿಪ್ ಕರೆಂಟ್ ಎನ್ನುವುದು ಇದನ್ನೇ. ಇದು ಸೆಕೆಂಡಿಗೆ 2 ಮೀಟರ್‌ಗೂ ಹೆಚ್ಚು ವೇಗ ಪಡೆಯಬಲ್ಲದು. ಪಳಗಿದ ಈಸುಗಾರರೂ ಅದಕ್ಕೆ ಎದುರಾಗಿ ಈಸಿ ಗೆಲ್ಲಲಾರರು.

ಮೋಸ ಎಲ್ಲಿದೆ ಗೊತ್ತೇ? ಕೊರಕಲು ಆಳವಾದ್ದರಿಂದ ಅಲ್ಲಿ ಅಲೆ ಮುರಿಯುವುದಿಲ್ಲ. ಎರಡೂ ಬದಿಗೆ ನೊರೆ, ನಡುವೆ ಮಾತ್ರ ಶಾಂತವಾದ, ಸ್ವಲ್ಪ ಕಪ್ಪಾದ ಪಟ್ಟಿ. ಹೊಸಬರ ಕಣ್ಣಿಗೆ ಅದೇ ಒಳ್ಳೆಯ ಜಾಗವಾಗಿ ಕಾಣುತ್ತದೆ. ಆ ಪಟ್ಟಿಯಲ್ಲಿ ನೊರೆಯ ಚೂರು, ಎಲೆ, ಕಸ ಕಡಲಿನತ್ತ ಸಾಗುತ್ತಿದೆಯೇ ನೋಡಿ. ಸಾಗುತ್ತಿದ್ದರೆ ಅಲ್ಲಿ ಕಾಲಿಡಬೇಡಿ.

ಸೆಳೆತ ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ದಡದಿಂದ ದೂರಕ್ಕೆ ಒಯ್ಯುತ್ತದೆ ಅಷ್ಟೇ. ಗಾಬರಿಯಿಂದ ದಡದತ್ತ ಈಸಿ ಈಸಿ ಸೋತಾಗಲೇ ಮನುಷ್ಯ ಮುಳುಗುವುದು. ಸಿಕ್ಕಿಬಿದ್ದರೆ ಬೆನ್ನ ಮೇಲೆ ತೇಲಿ, ಒಂದು ಕೈ ಎತ್ತಿ, ಕೂಗಿ ಕರೆಯಿರಿ. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಸಿ, ನೊರೆಯಿರುವ ಕಡೆಯಿಂದ ಹಿಂದಿರುಗಿ. ಗೆಳೆಯ ಸಿಕ್ಕಿಬಿದ್ದರೆ ನೀವು ಧುಮುಕಬೇಡಿ. ತೇಲುವಂಥ ಏನನ್ನಾದರೂ ಎಸೆದು, ಜೀವರಕ್ಷಕರನ್ನು ಕರೆಯಿರಿ.

2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ಬಾಲಕಿಯರು ಸಮುದ್ರದ ಪಾಲಾದರು. ನಿಮ್ಮಂತೆಯೇ ಕಡಲಿಲ್ಲದ ಊರಿನ ಮಕ್ಕಳು ಅವರು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಕಡಲಿನ ಬಗ್ಗೆ ಕರಾವಳಿಯ ಮಕ್ಕಳಿಗೆ ಸಿಗುವ ತಿಳಿವಳಿಕೆ ಒಳನಾಡಿನ ಮಕ್ಕಳಿಗೂ ಸಿಗಲೇಬೇಕು, ಅದಕ್ಕಾಗಿ ಹೇಳುತ್ತಿದ್ದೇನೆ.

ಹಲಗೆಯೇರುವವರ ಮೂಲ್ಕಿ

ಈಸುವವರು ದೂರವಿಡುವ ಮರಳ ದಿಬ್ಬವೇ ಸರ್ಫಿಂಗ್ ಮಾಡುವವರಿಗೆ ಬೇಕು. ಮಂಗಳೂರಿನ ಉತ್ತರಕ್ಕಿರುವ ಮೂಲ್ಕಿ, ಸಸಿಹಿತ್ಲು ಇದಕ್ಕೆ ಹೆಸರುವಾಸಿ. ಅಲ್ಲಿ ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುತ್ತವೆ. ನದಿ ತಂದ ಮರಳೂ ಕಡಲು ತಳ್ಳಿದ ಮರಳೂ ಸೇರಿ ಅಳಿವೆಯ ಬಾಯಲ್ಲಿ ದಿಬ್ಬಗಳಾಗುತ್ತವೆ. ಅಂಥ ದಿಬ್ಬದ ಮೇಲೆ ಅಲೆ ಒಮ್ಮೆಲೇ ಕುಸಿಯದೆ ಒಂದು ಬದಿಯಿಂದ ಇನ್ನೊಂದು ಬದಿಗೆ ಮುರಿಯುತ್ತ ಹೋಗುತ್ತದೆ. ಹಲಗೆಯ ಮೇಲೆ ನಿಂತವರು ಅಲೆಯ ಇಳಿಜಾರಿನಲ್ಲಿ ಜಾರುತ್ತಾರೆ. ಗುರುತ್ವ ಅವರನ್ನು ಕೆಳಗೆಳೆಯುತ್ತದೆ, ಹಿಂದಿನಿಂದ ಏರುವ ನೀರು ಮೇಲೆತ್ತುತ್ತದೆ. ಎರಡರ ನಡುವೆ ಆ ಓಟ ಮುಂದುವರಿಯುತ್ತದೆ.

ಮೂಲ್ಕಿಯಲ್ಲಿ 2004ರಲ್ಲಿ ಶುರುವಾದ ಮಂತ್ರ ಸರ್ಫ್ ಕ್ಲಬ್ಬನ್ನು ಭಾರತದ ಮೊದಲ ಸರ್ಫಿಂಗ್ ಕ್ಲಬ್ ಎನ್ನುತ್ತಾರೆ. 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ಇಲ್ಲಿ ಕಲಿಯುವವರು ಬೆಳಗ್ಗೆ ಬೇಗ ನೀರಿಗಿಳಿಯುತ್ತಾರೆ. ರಾತ್ರಿ ನೆಲ ಬೇಗ ತಣಿಯುವುದರಿಂದ ನಸುಕಿನಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಅಲೆ ನುಣುಪಾಗಿರುತ್ತದೆ. ಮಧ್ಯಾಹ್ನ ನೆಲ ಕಾದು, ಗಾಳಿ ಕಡಲಿನಿಂದ ನೆಲಕ್ಕೆ ತಿರುಗಿದ ಮೇಲೆ ನೀರೆಲ್ಲ ಕದಡಿ ಅಡ್ಡಾದಿಡ್ಡಿಯಾಗುತ್ತದೆ.

ಮೀನು ನೋಡುವವರ ನೇತ್ರಾಣಿ

ಸ್ನಾರ್ಕೆಲಿಂಗ್‌ಗೆ ಬೇಕಾದದ್ದು ತಿಳಿಯಾದ ನೀರು. ಎರೆ ಮಣ್ಣಿನ ನಾಡಿನವರಾದ ನಿಮಗೆ ಬಗ್ಗಡ ಎಂದರೇನು ಎಂದು ಹೇಳಬೇಕಾಗಿಲ್ಲ. ಮಳೆ ಬಿದ್ದ ಮರುದಿನ ಹಳ್ಳದಲ್ಲಿ ಕೈ ಮುಳುಗಿಸಿದರೆ ಬೆರಳೇ ಕಾಣದು. ಕಡಲ ದಂಡೆಯಲ್ಲೂ ನದಿಗಳು ತಂದ ಹೂಳು, ಅಲೆ ಎಬ್ಬಿಸಿದ ಮರಳು ಸೇರಿ ನೀರು ಮಸುಕಾಗಿರುತ್ತದೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ ಕಡಲೊಳಗೆ ನೇತ್ರಾಣಿ ದ್ವೀಪವಿದೆ. ಪಾರಿವಾಳ ದ್ವೀಪ ಎಂಬ ಹೆಸರೂ ಅದಕ್ಕುಂಟು. ಅಲ್ಲಿ ಮರಳ ದಂಡೆಯ ಬದಲು ಕಡಿದಾದ ಬಂಡೆಗಳಿವೆ. ನದಿಯ ಹೂಳು ಅಷ್ಟು ದೂರ ತಲುಪುವುದು ಕಡಿಮೆ. ಹಾಗಾಗಿ ಬಿಸಿಲು ಆಳಕ್ಕಿಳಿಯುತ್ತದೆ, ಬಂಡೆಗಳ ಮೇಲೆ ಹವಳ ಬೆಳೆಯುತ್ತದೆ. ಹವಳದ ಪುಟ್ಟ ಜೀವಿಗಳ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಅದು ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತದೆ. ಹವಳವಿದ್ದಲ್ಲಿ ಬಣ್ಣಬಣ್ಣದ ಗಿಳಿಮೀನು, ಚಿಟ್ಟೆಮೀನುಗಳು ಸೇರುತ್ತವೆ. ಹವಳವನ್ನು ಮುಟ್ಟಲೂಬಾರದು, ಮುರಿಯಲೂಬಾರದು, ಅದು ಬೆಳೆಯುವುದು ಬಹಳ ನಿಧಾನ.

ನೀರಿನೊಳಗೆ ಬರಿಗಣ್ಣಿಗೆ ಎಲ್ಲವೂ ಮಂಜು ಏಕೆ? ಗಾಳಿಯಿಂದ ಕಣ್ಣಿನೊಳಗೆ ಬರುವಾಗ ಬೆಳಕು ಚೆನ್ನಾಗಿ ಬಾಗುತ್ತದೆ, ನೀರಿನಿಂದ ಬರುವಾಗ ಅಷ್ಟು ಬಾಗುವುದಿಲ್ಲ. ಮುಖವಾಡವು ಕಣ್ಣಿನ ಮುಂದೆ ಗಾಳಿಯ ಪದರವಿಟ್ಟು ಆ ತೊಂದರೆ ನೀಗಿಸುತ್ತದೆ. ಆಗ ಮೀನು ಇದ್ದದ್ದಕ್ಕಿಂತ ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತದೆ.

ಉಸಿರಾಡುವ ಕೊಳವೆ ಒಂದು ಮೊಳದಷ್ಟೇ ಉದ್ದ. ಹೊಲದ ಪೈಪಿನಷ್ಟು ಉದ್ದವಿದ್ದರೆ ಇನ್ನೂ ಆಳಕ್ಕೆ ಹೋಗಬಹುದಿತ್ತಲ್ಲ? ಆಗದು. 1 ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರ್ ಮೇಲೆ 100 ಗ್ರಾಂ ನೀರಿನ ಭಾರ ಬೀಳುತ್ತದೆ. ನಿಮ್ಮ ಎದೆ 500 ಚದರ ಸೆಂಟಿಮೀಟರ್ ಇದ್ದರೆ ಒಟ್ಟು 50 ಕಿಲೋ. ಅಷ್ಟು ಭಾರವನ್ನು ತಳ್ಳಿ ಎದೆ ಅರಳಿಸಿ ಉಸಿರೆಳೆದುಕೊಳ್ಳಲು ಆಗುವುದಿಲ್ಲ. ಅದಲ್ಲದೆ ಉದ್ದ ಕೊಳವೆಯಲ್ಲಿ ಬಿಟ್ಟ ಉಸಿರೇ ಮತ್ತೆ ಒಳಗೆ ಬರುತ್ತದೆ.

ನೀರಿನ ತಿಳಿಯನ್ನು ಅಳೆಯುವ ಸುಲಭ ಸಾಧನವನ್ನು 1865ರಲ್ಲಿ ಇಟಲಿಯ ಪಾದ್ರಿ, ವಿಜ್ಞಾನಿ ಆಂಜೆಲೊ ಸೆಕ್ಕಿ ಬಳಕೆಗೆ ತಂದರು. ಹಳೆಯ ತಾಟಿಗೆ ಕಪ್ಪು-ಬಿಳುಪು ಬಣ್ಣ ಹಚ್ಚಿ, ಕೆಳಗೆ ಕಲ್ಲು ಕಟ್ಟಿ, ಹಗ್ಗದಿಂದ ನೀರಿಗೆ ಇಳಿಬಿಡಿ. ತಾಟು ಕಾಣದಾದ ಕ್ಷಣ ಹಗ್ಗಕ್ಕೆ ಗುರುತು ಹಾಕಿ ಅಳೆಯಿರಿ. ದೊಡ್ಡವರ ಜೊತೆ ಹೋಗಿ ಊರ ಬಾವಿ, ಕೆರೆ, ನವಿಲುತೀರ್ಥದ ಹಿನ್ನೀರು ಮೂರರಲ್ಲೂ ಅಳೆದರೆ ವ್ಯತ್ಯಾಸ ತಿಳಿಯುತ್ತದೆ.

ಹುಣ್ಣಿಮೆಯ ಲೆಕ್ಕ

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳ ಸಾಲು ಬರುವುದನ್ನು ನೀವು ಬಲ್ಲಿರಿ. ಬನದ ಹುಣ್ಣಿಮೆಗೇ ಕಾರವಾರದ ಜನ ದೋಣಿಯೇರಿ ಕೂರ್ಮಗಡದ ನರಸಿಂಹ ಜಾತ್ರೆಗೆ ಹೋಗುತ್ತಾರೆ. ಅಂದು ಚಂದ್ರ, ಭೂಮಿ, ಸೂರ್ಯ ಒಂದೇ ಸಾಲಿನಲ್ಲಿ ಇರುತ್ತವೆ. ಚಂದ್ರ-ಸೂರ್ಯರ ಗುರುತ್ವದ ಸೆಳೆತ ಕೂಡಿಕೊಂಡು ಆ ದಿನಗಳಲ್ಲಿ ಉಬ್ಬರ ಅತಿ ಎತ್ತರ, ಇಳಿತ ಅತಿ ತಗ್ಗು. ಅಮಾವಾಸ್ಯೆಗೂ ಹೀಗೆಯೇ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಉಬ್ಬರದಿಂದ ಇಳಿತಕ್ಕೆ ಆರು ತಾಸಿಗೆ ತುಸು ಹೆಚ್ಚು. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಬೆಳಗ್ಗೆ ನಡೆದುಹೋದ ಬಂಡೆಯ ದಾರಿ ಮಧ್ಯಾಹ್ನ ನೀರಿನಡಿ ಸೇರಿರಬಹುದು. ಆದ್ದರಿಂದ ಪ್ರವಾಸದ ದಿನ ಯಾವ ತಿಥಿ ಎಂದು ಕ್ಯಾಲೆಂಡರ್ ನೋಡುವುದೂ ವಿಜ್ಞಾನವೇ.

ನಿಮ್ಮ ಪಾಲಿನ ಕೆಲಸ

ದಡಕ್ಕೆ ಹೋದ ಮೇಲೆ ಹತ್ತು ನಿಮಿಷ ನಿಂತು ನೋಡಿ. ನೊರೆ ಎಲ್ಲಿದೆ, ಎಲ್ಲಿಲ್ಲ? ಮರಳು ದಪ್ಪವೋ ನುಣುಪೋ? ನೀರು ಏರುತ್ತಿದೆಯೋ ಇಳಿಯುತ್ತಿದೆಯೋ? ಬಾವುಟ ಯಾವ ಬಣ್ಣದ್ದು? ಕೆಂಪು ಬಾವುಟವಿದ್ದರೆ ನೀರಿಗೆ ಇಳಿಯುವಂತಿಲ್ಲ. ಕೆಂಪು-ಹಳದಿ ಬಾವುಟಗಳ ನಡುವೆ ಜೀವರಕ್ಷಕರ ಕಣ್ಣಿರುತ್ತದೆ. ಅಲ್ಲಿಯ ಮೀನುಗಾರರನ್ನು ಕೇಳಿ, ಆ ನೀರನ್ನು ಅವರಷ್ಟು ಬಲ್ಲವರು ಬೇರಿಲ್ಲ. ಅವರು ಬೇಡವೆಂದರೆ ಬೇಡ. ಮಳೆಗಾಲದಲ್ಲಂತೂ ನೋಡಿ ಬರುವುದಷ್ಟೇ ಸಾಕು.

ಈ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ತರಗತಿಯ ಗೋಡೆಗೆ ಅಂಟಿಸಿ. ಪ್ರವಾಸ ಹೊರಡುವ ವಾರ ಗುರುಗಳ ಜೊತೆ ಕೂತು ಮತ್ತೊಮ್ಮೆ ಓದಿ. ಬಸ್ಸಿನಲ್ಲಿ ನಿಮಗಿಂತ ಚಿಕ್ಕವರಿದ್ದರೆ ಅವರಿಗೆ ನೀವೇ ಕಲಿಸಿ. ಕಡಲನ್ನು ಓದಬಲ್ಲ ಒಬ್ಬರು ಗುಂಪಿನಲ್ಲಿದ್ದರೆ ಉಳಿದವರೆಲ್ಲ ಸುಖವಾಗಿ ಆಡಬಹುದು, ಆ ಒಬ್ಬರು ನೀವಾಗಿರಿ.