ಸ್ಟೇಷನರಿ, ಹಳ್ಳಿ ಮತ್ತು ಹಲ್ಲಿ

ಕರಾಮದಲ್ಲಿ ಪೆನ್ನು, ಲಕೋಟೆ ಮಾರುವ ಅಂಗಡಿಯೂ ಸ್ಟೇಷನರಿ. ಶೇಖ್ ಜಾಯೆದ್ ರಸ್ತೆಯ ಜಾಮ್‌ನಲ್ಲಿ ಅಲುಗದೆ ನಿಂತ ಕಾರೂ ಸ್ಟೇಷನರಿ. ಕಿವಿಗೆ ಎರಡೂ ಒಂದೇ. ಬರೆಯುವಾಗ ಮಾತ್ರ ಅಂಗಡಿಯದು ಇ-ಆರ್-ವೈ, ಕಾರಿನದು ಎ-ಆರ್-ವೈ. ಎನ್ವಲಪ್‌ನ 'ಇ' ನೆನಪಿಟ್ಟರೆ ಸಾಕು. ಬೇರು ಒಂದೇ ಕಣ್ರೋ: ಊರೂರು ಅಲೆಯದೆ ಒಂದೆಡೆ ಅಂಗಡಿಯಿಟ್ಟು ಕೂತ ಪುಸ್ತಕ ವ್ಯಾಪಾರಿಯೇ ಹಿಂದೆ ಸ್ಟೇಷನರ್.

ಇದನ್ನು ಶಾಲೆಯಲ್ಲೇ ಕಲಿತಿರುತ್ತೀರಿ. ನನ್ನ ಚಿಂತೆ ಬೇರೆ. ವಾಟ್ಸಾಪ್‌ನಲ್ಲಿ ಇಂಗ್ಲಿಷ್ ಅಕ್ಷರ ಹಾಕಿ ಕನ್ನಡ ಬರೆಯುತ್ತೀರಲ್ಲ, ಅಲ್ಲಿ ಹಳ್ಳಿಗೂ ಹಲ್ಲಿಗೂ ಒಂದೇ ಸ್ಪೆಲಿಂಗು! ಬೆಳೆ, ಬೆಲೆಗೂ ಅದೇ ಗತಿ. ಕನ್ನಡದ ಕಿವಿಗೆ ಬೇರೆಯಾದದ್ದನ್ನು ನಾವೇ ಒಂದು ಮಾಡಿಬಿಟ್ಟೆವು.

ನನ್ನ ಮಗ "ರಜೆಯಲ್ಲಿ ಹಳ್ಳಿ ನೋಡಬೇಕು" ಎಂದು ಹಾಗೆಯೇ ಕಳಿಸಿದ. ನಮ್ಮತ್ತೆ ಹಲ್ಲಿ ಎಂದೇ ಓದಿಕೊಂಡು, "ಗೋಡೆ ತುಂಬ ಇವೆ, ಬಾರೋ ಮಗಾ" ಎಂದರು.